ಹೂಂ ಮಾಮನ ಕಿವಿ

"ಕೈ ಎತ್ತಿ ಅಂದ್ನಲ್ಲಾ! ಆ ಕೈ ಅಲ್ಲ, ಈ ಕೈ!"

ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ತೂರಿಸುತ್ತಿದ್ದ ಅತ್ತೆ, ಮಲಗಿದ್ದ ಗಂಡನ ಎಡಗಿವಿಗೆ ಬಾಯಿ ಹಚ್ಚಿ ಹೀಗೆ ಕೂಗಿಬಿಟ್ಟಳು. ಆ ಕೂಗು ತನ್ನ ಕಿವಿಗೇ ಬಡಿದಾಗ ಬೆಚ್ಚಿದಳು. ಹೊರಕೋಣೆಯಲ್ಲಿ ಕುರ್ಚಿ ಜರುಗಿಸುತ್ತಿದ್ದ ಸದ್ದು ಥಟ್ಟನೆ ನಿಂತಿತು. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ಇಣುಕಿ, "ಅಯ್ಯೋ ಪಾಪ, ಹೋದ ಅನ್ನೋದೇ ಇನ್ನೂ ಅವಳ ತಲೆಗೆ ಹತ್ತಿಲ್ಲ ಕಣ್ರೇ" ಎಂದು ಹಿಂದಿದ್ದವರಿಗೆ ಹೇಳಿ ಕಣ್ಣೊರೆಸಿಕೊಂಡಳು.

ಹತ್ತದೆ ಏನು? ನಿನ್ನೆ ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದದ್ದನ್ನು ಮೊದಲು ಕಂಡವಳು ಅವಳೇ. ಒಂದು ಬೂಟು ಕಟ್ಟಿಯಾಗಿತ್ತು. ಇನ್ನೊಂದರ ದಾರ ಬೆರಳ ಸಂದಿಯಲ್ಲೇ ಇತ್ತು. ಅದನ್ನು ಬಿಡಿಸಿದವಳೂ ಅವಳೇ. ಕೈಯಲ್ಲಿರುವ ಕೆಲಸ ಮುಗಿಯಿತೇ ಎಂದು ಕೇಳಿ ದೇವರು ಯಾರನ್ನೂ ಕರೆಯುವುದಿಲ್ಲ. ಇವೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ಕೂಗಿದ್ದು ಬರೀ ರೂಢಿಯಿಂದ. ಒಂದು ವರ್ಷದಿಂದ ಯಾರಿಗೂ ಕೇಳದ ಹಾಗೆ ಮನೆಯ ಕಿಟಕಿ ಬಾಗಿಲು ಮುಚ್ಚಿಕೊಂಡು ಗಂಡನ ಜೊತೆ ಅವಳ ಮಾತೆಲ್ಲ ಇದೇ ಎತ್ತರದಲ್ಲಿ ನಡೆದಿತ್ತು. ಗಂಡನಿಗೆ ಕಿವಿ ಹೋಗಿತ್ತು. ಅದು ಇಬ್ಬರಿಗಷ್ಟೇ ಗೊತ್ತಿದ್ದ ಸಂಗತಿ. ನಿನ್ನೆಯಿಂದ ಒಬ್ಬಳಿಗೆ.

ಬಸ್ ಓಡಿಸುವ ಮೈದುನ ಒಳಗೆ ಬಂದ. ರಾತ್ರಿಯಿಡೀ ಅತ್ತು ಅವನ ಮುಖ ಊದಿಕೊಂಡಿತ್ತು. ಬಾಯಿ ಮಾತ್ರ ಸುಮ್ಮನಿರುವ ಜಾತಿಯದಲ್ಲ.

"ಏನತ್ತಿಗೆ, ಅಣ್ಣನ್ನ ಇನ್ನೂ ಬಿಡಲ್ವಾ? ಈಗಲಾದ್ರೂ ಅವನಿಗೆ ಸ್ವಲ್ಪ ರಜೆ ಕೊಡಿ."

"ತೋಳು ಏರ್ತಿಲ್ಲ ಕಣೋ. ಈ ಕಡೆ ಹಿಡ್ಕೋ."

"ಹುಟ್ಟಿದಾಗಿನಿಂದ ಹೀಗೇ ಅಂತಿದ್ಲು ಅಮ್ಮ. ಅಂಗಿ ಹಾಕೋಕೆ ಹೋದ್ರೆ ಕಟ್ಟಿಗೆ ಥರ ಸೆಟೆದುಕೊಳ್ಳೋನಂತೆ." ಅಣ್ಣನ ಮೊಣಕೈಯನ್ನು ಮೆಲ್ಲಗೆ ಮಡಿಸುತ್ತ ಮಾತು ಬದಲಿಸಿದ. "ಮೀನಿನ ಆಫೀಸಿನವರು ಹೊರಟಿದ್ದಾರಂತೆ, ಮೇಡಂ ಫೋನ್ ಮಾಡಿದ್ರು. ದೋಣಿಯವನು ಮಾತ್ರ ನೇರ ಮಣ್ಣಿನ ಹತ್ರಾನೇ ಬರ್ತಾನಂತೆ. ನಾಳೆ ಅಣೆಕಟ್ಟಿನ ಗೇಟಿಂದ ನೀರು ಬಿಡ್ತಾರಲ್ಲ, ಹೊಳೆ ತಳದಲ್ಲಿಟ್ಟ ಯಂತ್ರಗಳನ್ನ ಇವತ್ತೇ ಎತ್ತಿಬಿಡಬೇಕಂತೆ."

ಗುಂಡಿ ಹಾಕುತ್ತಿದ್ದ ಅತ್ತೆಯ ಬೆರಳು ಅಲ್ಲೇ ನಿಂತಿತು. "ಇವತ್ತಾ?"

"ಇವತ್ತೇ. ಅಣ್ಣ ಕೇಳಿ ಬಿಟ್ಟ ಮೀನುಗಳು ಏನು ಮಾತಾಡಿದಾವೆ ಅಂತ ಇವತ್ತು ಗೊತ್ತಾಗುತ್ತೆ. ಎರಡು ದಿನ ತಡೆದಿದ್ರೆ ಅವನೇ ಕೇಳಿಸ್ಕೋಬಹುದಿತ್ತು ನೋಡಿ."

ಅತ್ತೆ ಕತ್ತಿನ ಗುಂಡಿ ಹಾಕಿದಳು, ಬಿಗಿಯಾಯಿತೇನೋ ಎನಿಸಿ ಬಿಚ್ಚಿದಳು, ಮತ್ತೆ ಹಾಕಿದಳು. ಆ ಮೀನುಗಳು ಮಾತಾಡದೆ ಹೋಗಿದ್ದರೆ? ಕಿವುಡನೊಬ್ಬ ಸರಿ ಎಂದು ತಲೆಯಾಡಿಸಿ ನೀರಿಗೆ ಬಿಡಿಸಿದ ಮೀನುಗಳು ಅವು. ಇಡೀ ಜನ್ಮದಲ್ಲಿ ಅವನು ಸಂಪಾದಿಸಿದ್ದು ಒಂದೇ ಹೆಸರು: ಮಾಮ ಕೇಳಿದ ಅಂದರೆ ಕೇಳಿದ ಹಾಗೆ. ಆ ಹೆಸರು ಇವತ್ತೇ, ಅವನಿನ್ನೂ ಮನೆಯೊಳಗೆ ಮಲಗಿರುವಾಗಲೇ, ಹೋಗಿಬಿಟ್ಟರೆ? ದೇವರೇ, ಮಣ್ಣು ಮುಚ್ಚುವ ತನಕವಾದರೂ ಆ ದೋಣಿಯನ್ನು ತಡೆದು ನಿಲ್ಲಿಸಪ್ಪಾ, ಎಂದು ಮನಸ್ಸಿನಲ್ಲೇ ಕೈ ಮುಗಿದಳು.

* * *

ಮಾಮ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ. ಪೇಟೆಯ ಕೊನೆಯಲ್ಲಿ ಬಾಗಿಲೇ ಕಿಟಕಿಯಂತಿದ್ದ ಒಂದು ಅಂಗಡಿ. ಕೆಟ್ಟ ರೇಡಿಯೋವನ್ನು ಬಿಚ್ಚುವ ಮೊದಲು ಕಿವಿಗೆ ಹಿಡಿದು, ವೈದ್ಯರು ನಾಡಿ ನೋಡುವ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದ. ರೇಡಿಯೋ ಕೇಳುವವರು ಕಡಿಮೆಯಾದ ಹಾಗೆ ಅಂಗಡಿಯೂ ಬಡವಾಯಿತು. ಆಗ ಹೊಳೆದಂಡೆಯ ಮೀನಿನ ಆಫೀಸಿನವರು, "ಕಿವಿ ಚುರುಕಾಗಿರೋ ಒಬ್ಬರು ಬೇಕು" ಎಂದು ಹುಡುಕಿಕೊಂಡು ಬಂದರು. ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಅತ್ತೆಗೆ ಹೊಲಿಗೆಯ ಮೆಷಿನ್ನಿತ್ತು. "ಮೀನಿನ ಮಾತು ಕೇಳೋ ಕೆಲಸವಂತೆ ಕಣೇ" ಎಂದು ನಗುತ್ತ ಹೋದವನು ಅಲ್ಲಿಯೇ ಮುದುಕನಾದ.

ಕೆಲಸ ಕೇಳುವುದಕ್ಕೆ ಸಣ್ಣದು. ಹೊಳೆಯಲ್ಲಿ ಹಿಡಿದ ಎಳೆಮೀನುಗಳ ಹೊಟ್ಟೆಯೊಳಗೆ ಜ್ವರದ ಗುಳಿಗೆಯಷ್ಟು ಗಾತ್ರದ ಟ್ಯಾಗ್ ಇಟ್ಟು ಹೊಲಿದು ಮತ್ತೆ ನೀರಿಗೆ ಬಿಡುತ್ತಾರೆ. ಟ್ಯಾಗ್ ನೀರೊಳಗೆ ಕೂಗುತ್ತ ಹೋಗುತ್ತದೆ. ಹೊಳೆಯ ತಳದಲ್ಲಿ ಇಟ್ಟ ಯಂತ್ರಗಳು ಆ ಕೂಗನ್ನು ಕೇಳಿ, ಇಂಥ ಮೀನು ಇಲ್ಲಿ ಹಾದುಹೋಯಿತು ಎಂದು ನೆನಪಿಟ್ಟುಕೊಳ್ಳುತ್ತವೆ. ಆದರೆ ಕಾರ್ಖಾನೆಯಿಂದ ಬರುವಾಗ ಟ್ಯಾಗ್ ನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸುವುದು, ಎದ್ದಿದೆಯೇ ಎಂದು ನೋಡುವುದು, ಇದು ಮಾಮನ ಪಾಲಿನದು. ಅವನ ಮುಂದೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲಿನ ಸಣ್ಣ ಕುಳಿಯಲ್ಲಿ ಟ್ಯಾಗ್ ಇಟ್ಟು ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತದೆ. ಆಮೇಲೆ ಟ್ಯಾಗನ್ನು ಬಟ್ಟಲಿನ ನೀರಿಗೆ ಹಾಕಿ, ಪೆಟ್ಟಿಗೆಯಿಂದ ಹೊರಟ ವೈರಿನ ತುದಿಯನ್ನು, ಅಲ್ಲಿನವರು ಅದಕ್ಕೆ ನೀರುಕಿವಿ ಎನ್ನುತ್ತಿದ್ದರು, ಆ ನೀರಿನಲ್ಲಿ ಮುಳುಗಿಸಬೇಕು. ಮನುಷ್ಯರ ಕಿವಿಗೆ ನಿಲುಕದ ಸದ್ದನ್ನು ಪೆಟ್ಟಿಗೆ ತಗ್ಗಿಸಿ ಹೆಡ್‌ಫೋನಿಗೆ ಕಳಿಸುತ್ತದೆ. ಟಕ್, ಟಕ್, ಟಕ್.

"ದೀಪ ಹತ್ತಿತಲ್ಲ ಮಾಮ, ಕೊಡಿ ಇತ್ಲಾಗೆ" ಎಂದು ಹೊಲಿಗೆ ಹಾಕುವ ಮೀನಿನ ಡಾಕ್ಟರು ಮೊದಮೊದಲು ಅವಸರ ಮಾಡುತ್ತಿದ್ದ. ವಯಸ್ಸು ಚಿಕ್ಕದು, ಕೈ ಚುರುಕು.

"ದೀಪ ಹೇಳೋದು ಪೆಟ್ಟಿಗೆ ಮಾತು ಡಾಕ್ಟ್ರೇ. ಟ್ಯಾಗಿನ ಮಾತನ್ನ ಟ್ಯಾಗೇ ಹೇಳ್ಬೇಕು. ಮೂಗ ಟ್ಯಾಗ್ ಇಟ್ರೆ ಒಂದು ಜೀವದ ಹೊಟ್ಟೆ ಸುಮ್ಮಸುಮ್ಮನೆ ಕುಯ್ದ ಹಾಗಾಗುತ್ತೆ. ಆ ಪಾಪ ನಿಮಗೂ ಬೇಡ, ನನಗೂ ಬೇಡ."

ಕೇಳಿ ಮುಗಿದ ಮೇಲೆ ಹೆಚ್ಚು ಮಾತಿಲ್ಲ, "ಹೂಂ" ಅಷ್ಟೇ. ಆ ಹೂಂ ಬಿದ್ದ ಮೇಲೆಯೇ ಡಾಕ್ಟರ ಕತ್ತರಿ ಏಳಬೇಕು. ಹೀಗೆ ಅವನು ಎಲ್ಲರ ಬಾಯಲ್ಲಿ ಹೂಂ ಮಾಮನಾದ. ಅವನ ದೆಸೆಯಿಂದ ಅವಳು ಎಲ್ಲರಿಗೂ ಅತ್ತೆಯಾದಳು.

* * *

ಜೀಪು ಬೀದಿಯ ತುದಿಯಲ್ಲೇ ನಿಂತಿತು. ಮೇಡಂ, ಡಾಕ್ಟರು, ಅವರ ಹಿಂದೆ ಅಣೆಕಟ್ಟಿನ ಗೇಟು ನೋಡಿಕೊಳ್ಳುವ ಸಾಹೇಬರು ನಡೆದು ಬಂದರು. ಮೀನಿನ ಕೆಲಸಕ್ಕೆಲ್ಲ ಮೇಡಮ್ಮೇ ಯಜಮಾನಿ. ಬಿಸಿಲಿಗೆ ಕಂದಿದ ಮುಖ, ಗಂಡಸರ ಹಾಗೆ ದಾಪುಗಾಲು. ಇವತ್ತು ಆ ಕಾಲು ಎಳೆದುಕೊಂಡು ಬರುತ್ತಿತ್ತು. ಬಂದವಳೇ ಮಾಮನ ಪಾದದ ಹತ್ತಿರ ಕೂತು, ಬಹಳ ಹೊತ್ತು ಆ ಪಾದವನ್ನೇ ನೋಡಿದಳು.

"ಮೊನ್ನೆ ಸಂಜೆ ನನ್ನನ್ನ ಬೈದಿದ್ರು ಅತ್ತೆ. ಊಟ ಬಿಟ್ಟು ಕೆಲಸ ಮಾಡ್ತೀಯ, ನಿನ್ನ ಗಂಡ ಏನಂತಾನೆ ಅಂತ. ನನಗೆ ಮದುವೇನೇ ಆಗಿಲ್ಲ ಮಾಮ ಅಂದ್ರೆ, ನನ್ನ ಬಾಯನ್ನೇ ನೋಡ್ತಾ, ಅದಕ್ಕೇ ಆಗಿಲ್ಲ ಅಂದ್ರು."

ಸುತ್ತ ಕೂತವರಲ್ಲಿ ಸಣ್ಣ ನಗು ಸುಳಿಯಿತು. ಸಾವಿನ ಮನೆಯ ನಗು, ಬಂದಷ್ಟೇ ಬೇಗ ಹೋಯಿತು.

"ಈ ವರ್ಷ ಸ್ವಲ್ಪ ಬದಲಾಗಿದ್ರು," ಎಂದ ಡಾಕ್ಟರು. "ಮೊದಲೆಲ್ಲ ನನ್ನ ಎದುರಿಗೇ ಕೂತು ಕೇಳ್ತಿದ್ರು. ಈ ಸಲ ಸ್ಟೂಲು ತಿರುಗಿಸಿ ಗೋಡೆಗೆ ಮುಖ ಹಾಕಿ ಕೂತುಬಿಟ್ರು. ಯಾಕೆ ಮಾಮ, ನನ್ನ ಮುಖ ನೋಡೋಕೆ ಬೇಜಾರಾ ಅಂದೆ. ಕೇಳಿಸದ ಹಾಗೆ ಇದ್ರು."

ಕೇಳಿಸದ ಹಾಗೆ! ಗೋಡೆಗೆ ಮುಖ ಹಾಕಿದ್ದು ಯಾಕೆಂದು ಅತ್ತೆಗಲ್ಲದೆ ಇನ್ನಾರಿಗೆ ಗೊತ್ತು? ಏನೂ ಕೇಳದೆ ಹೂಂ ಅನ್ನುವವನ ಮುಖ ಎದುರಿಗೆ ಕೂತವರಿಗೆ ಕಂಡುಬಿಡುತ್ತದೆ. ಅದಕ್ಕೆ.

ಸಾಹೇಬರು ತಂದ ಹೂವನ್ನು ಇಟ್ಟು, ಒಂದು ಕ್ಷಣ ತಲೆ ತಗ್ಗಿಸಿ ನಿಂತು, ಗೋಡೆಯ ಬದಿಯ ಕುರ್ಚಿಯಲ್ಲಿ ಕೂತರು. ಸೌಮ್ಯ ಮನುಷ್ಯ. ಆದರೂ ಮೇಡಂ ಅವರ ಕಡೆ ತಿರುಗಿ ನೋಡಲಿಲ್ಲ. ಹೋದ ವರ್ಷ ಅಣೆಕಟ್ಟಿಗೆ ಹೊಸ ಗೇಟು ಹಾಕಿದ್ದರು. ಹಳೆಯದು ಮೇಲಿನಿಂದ ನೀರು ಹೊರಳಿಸುತ್ತಿತ್ತು, ಹೊಸದು ಬುಡದ ಕಿಂಡಿಯಿಂದ ಚಿಮ್ಮಿಸುತ್ತದೆ. ಗೇಟಿನ ಮೇಲ್ಗಡೆ ಬಿಟ್ಟ ಎಳೆಮೀನು ಆ ಕಿಂಡಿಯಲ್ಲಿ ಜೀವಸಹಿತ ದಾಟುತ್ತದೆಯೇ ಇಲ್ಲವೇ ಎಂಬುದೇ ಈ ವರ್ಷದ ಪ್ರಶ್ನೆ. ಸಾಯುತ್ತದೆ ಎಂದು ಸಾಬೀತಾದರೆ ಮೀನು ಇಳಿಯುವ ತಿಂಗಳುಗಳಲ್ಲಿ ಆ ಗೇಟು ಮುಚ್ಚಬೇಕು. ಅಣೆಕಟ್ಟಿನವರಿಗೆ ಅದು ನುಂಗಲಾರದ ತುತ್ತು.

"ಸಾಹೇಬ್ರೇ, ಇವತ್ತೊಂದು ದಿನ ಆ ವಿಷಯ ಬೇಡ" ಎಂದಳು ಮೇಡಂ, ಅವರು ಬಾಯಿ ತೆರೆಯುವ ಮೊದಲೇ.

"ನಾನೆಲ್ಲಿ ತೆಗೆದೆ ತಾಯಿ?" ಎಂದರು ಸಾಹೇಬರು. "ಮಾಮ ನಂಗೂ ಬೇಕಾದವರೇ. ನಮ್ಮನೆ ರೇಡಿಯೋ ಅವರ ಕೈಯಿಂದ ಮೂರು ಸಲ ಬದುಕಿದೆ."

* * *

ಗಂಡನ ಕಿವಿ ಹೋದ ವಿಷಯ ಅತ್ತೆಗೆ ಗೊತ್ತಾದದ್ದು ಹೊಲಿಗೆಯ ಮೆಷಿನ್ನಿನಿಂದ. ಒಂದು ಮಧ್ಯಾಹ್ನ ದಪ್ಪ ಬಟ್ಟೆಗೆ ಸಿಕ್ಕ ಸೂಜಿ ಮುರಿದು, ಚಕ್ರ ಸಿಕ್ಕಿಕೊಂಡು, ಮೆಷಿನ್ನು ಕಬ್ಬಿಣ ಕಿರುಚಿದ ಹಾಗೆ ಕಿರುಚಿತು. ಮೊದಲಾಗಿದ್ದರೆ ಒಳಗಿನ ಕೋಣೆಯಿಂದಲೇ, "ಏ, ಎಣ್ಣೆ ಹಾಕು ಅಂತ ಮೊನ್ನೇನೇ ಹೇಳಿದ್ನಲ್ಲೇ" ಎನ್ನುತ್ತಿದ್ದ ಮನುಷ್ಯ, ಅವಳ ಪಕ್ಕದಲ್ಲೇ ಕೂತು ಪೇಪರಿನ ಪುಟ ಮಗುಚಿದ. ಅವಳು ಮುರಿದ ಸೂಜಿಯನ್ನು ಕೈಯಲ್ಲಿ ಹಿಡಿದು ಅವನನ್ನು ನೋಡಿದಳು. ಅವನು ತಲೆಯೆತ್ತಿ, ಸೂಜಿ ನೋಡಿ, ಅವಳ ಮುಖ ನೋಡಿ, ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕ.

"ಯಾವಾಗಿನಿಂದ?" ಎಂದು ಅವಳು ಕೈಸನ್ನೆಯಲ್ಲಿ ಕೇಳಿದಳು.

"ಮೆಲ್ಲಮೆಲ್ಲಗೆ ಹೋಯ್ತು ಕಣೇ. ನೆಂಟರು ಒಬ್ಬೊಬ್ಬರೇ ಎದ್ದು ಹೋಗ್ತಾರಲ್ಲ, ಹಾಗೆ. ಮೊದಲು ಹಕ್ಕಿ ಹೋದ್ವು. ಆಮೇಲೆ ಗಡಿಯಾರ. ಆಮೇಲೆ ನೀನು."

ಕಿವಿ ಡಾಕ್ಟರಿಗೆ ತೋರಿಸೋಣ ಎಂದರೆ ಒಪ್ಪಲಿಲ್ಲ. ತೋರಿಸಿದರೆ ಆಫೀಸಿಗೆ ತಿಳಿಯುತ್ತದೆ, ತಿಳಿದರೆ ಕಳಿಸಿಬಿಡುತ್ತಾರೆ. "ಇದೊಂದು ಸಲ ಮೀನು ಬಿಟ್ಟು ಮುಗಿಸ್ತೀನಿ, ಆಮೇಲೆ ನೀನು ಹೇಳಿದಲ್ಲಿಗೆ ಬರ್ತೀನಿ. ಅಲ್ಲಿ ತನಕ ಯಾರ ಹತ್ರಾನೂ ಬಾಯಿ ಬಿಡಬೇಡ. ಮಾತು ಕೊಡು."

ಅವಳು ಮಾತು ಕೊಟ್ಟಳು. ಕೊಟ್ಟ ಮೇಲೆ ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ರೀ, ಮತ್ತೆ ಟ್ಯಾಗ್ ಹೇಗೆ ಕೇಳ್ತೀರಿ?"

"ಕೇಳಬೇಕಾದ್ದು ಕೇಳುತ್ತೆ, ನೀನು ಸುಮ್ನಿರು" ಎಂದು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ.

ತಪ್ಪಿಸಿಕೊಳ್ಳುವ ಗಂಡಸಿನ ಮಾತು ಅದೆಂದು ಅವಳು ತಿಳಿದಳು. ಮೀನು ಬಿಡುವ ದಿನಗಳಲ್ಲಿ ಅವನು ಸಂಜೆ ದವಡೆ ನೀವಿಕೊಳ್ಳುತ್ತ ಸುಸ್ತಾಗಿ ಬಂದು, ಎರಡು ತುತ್ತು ತಿಂದು ಮಲಗುತ್ತಿದ್ದ. ಸುಳ್ಳಿನ ಭಾರಕ್ಕೆ ಹೀಗೆ ಕುಗ್ಗುತ್ತಿದ್ದಾನೆ ಎಂದು ಅವಳಿಗೆ ತೋರುತ್ತಿತ್ತು. ಆಗಿನಿಂದ ದೇವರ ಮುಂದೆ ನಿಂತಾಗಲೆಲ್ಲ ಅವಳ ಬೇಡಿಕೆ ಒಂದೇ. ಅನ್ನ ಬೇಡಲಿಲ್ಲ, ಆಯಸ್ಸು ಬೇಡಲಿಲ್ಲ. ಆ ಟ್ಯಾಗುಗಳಿಗೆ ಬಾಯಿ ಕೊಡು, ಒಂದೂ ಮೂಗಾಗದಿರಲಿ, ಇವರು ಕೇಳದಿದ್ದರೂ ಕೇಳಿದ ಹಾಗೆ ಆಗಲಿ. ಇಷ್ಟೇ.

* * *

ಮಣ್ಣು ಮಾಡುವ ಜಾಗ ಹೊಳೆಯ ಮೇಲಿನ ಇಳಿಜಾರಿನಲ್ಲಿತ್ತು. ಕೆಳಗೆ ಆಫೀಸಿನ ತಗಡಿನ ಶೆಡ್ಡು, ಅದರಾಚೆ ಅಣೆಕಟ್ಟಿನ ಬೂದು ಗೋಡೆ. ಹಿರಿಯರೊಬ್ಬರು ನಿಧಾನವಾಗಿ ಪ್ರಾರ್ಥನೆ ಹೇಳಿದರು. ಬಂದದ್ದು ಹೋಗುತ್ತದೆ, ಕೊಟ್ಟವನೇ ಕರೆದುಕೊಳ್ಳುತ್ತಾನೆ, ನಮ್ಮದು ನಡುವೆ ಹಿಡಿದುಕೊಂಡಿದ್ದಷ್ಟೇ. ಅತ್ತೆ ಒಂದು ಹಿಡಿ ಮಣ್ಣು ಹಾಕಿದಳು. ಮಣ್ಣು ಹಲಗೆಗೆ ಬಿದ್ದ ಸದ್ದು ಅವನಿಗೆ ಕೇಳಿಸದು ಎಂಬ ಯೋಚನೆ ಬಂದು, ಎಂಥ ಹುಚ್ಚಿ ನಾನು, ಯಾವ ಸತ್ತವರಿಗೆ ಕೇಳುತ್ತದೆ, ಎಂದು ತನ್ನನ್ನೇ ಬೈದುಕೊಂಡಳು.

ಮಣ್ಣು ಮುಚ್ಚಿ ಮುಗಿಯುತ್ತಿರುವಾಗ ದೋಣಿಯವನು ಏದುಸಿರು ಬಿಡುತ್ತ ಇಳಿಜಾರು ಹತ್ತಿ ಬಂದ. ಮೊಣಕಾಲ ತನಕ ಪ್ಯಾಂಟು ಒದ್ದೆ. ಯಾರನ್ನೂ ನೋಡದೆ ನೇರ ಹೋಗಿ, ಮಣ್ಣಿನ ಗುಪ್ಪೆಯ ಮೇಲೆ ತನ್ನ ಪಾಲಿನ ಹಿಡಿಮಣ್ಣು ಹಾಕಿ ಕೈ ಮುಗಿದ. ಆಮೇಲೆ ಮೇಡಮ್ಮಿನ ಕಡೆ ತಿರುಗಿ ತಲೆ ಅಲ್ಲಾಡಿಸಿದ.

"ಎಷ್ಟು?" ಎಂದಳು ಮೇಡಂ.

"ಬೆರಳಲ್ಲಿ ಎಣಿಸ್ಬಹುದು. ಮಿಕ್ಕಿದ್ದೆಲ್ಲ ಗಪ್‌ಚುಪ್."

"ಯಂತ್ರ ಕೆಟ್ಟಿರಬಹುದಾ?"

"ಇಲ್ಲ ಮೇಡಂ. ಗೇಟಿನ ಕೆಳಗಡೆ ಹೊಳೆ ತಿರುವಿನಾಚೆ ಇಟ್ಟಿದ್ದು ಎಲ್ಲಾನೂ ನೆಟ್ಟಗಿವೆ. ಪರೀಕ್ಷೆ ಟ್ಯಾಗ್ ಬಿಟ್ಟು ನೋಡ್ದೆ, ಕೇಳಿಸ್ಕೊಂಡ್ವು."

ಮೇಡಂ ಕಣ್ಣು ಮುಚ್ಚಿದಳು. "ಹಾಗಾದ್ರೆ ಕಿಂಡಿಯಲ್ಲೇ ಸತ್ತಿವೆ."

"ಅದು ಹೇಗೆ ಹೇಳ್ತೀರಿ?" ಸಾಹೇಬರ ದನಿ ಮೆತ್ತಗಿತ್ತು. ಆದರೆ ಮಾತು ಆಗಲೇ ಸಿದ್ಧವಾಗಿದ್ದಂತಿತ್ತು. "ಮೀನು ಸತ್ರೂ ಮೌನ, ಟ್ಯಾಗ್ ಸತ್ರೂ ಮೌನ. ಗೇಟಿನ ಮೇಲಿನ ಮಡುವಿನಲ್ಲಿದ್ದ ಯಂತ್ರ ಇದ್ದಿದ್ರೆ ಗೊತ್ತಾಗ್ತಿತ್ತು. ಅದನ್ನ ಮಳೆಗಾಲದಲ್ಲಿ ಮರದ ದಿಮ್ಮಿ ಎಳ್ಕೊಂಡು ಹೋಯ್ತು."

"ಟ್ಯಾಗ್ ಒಂದೊಂದನ್ನೂ ಮಾಮ ಕೇಳಿ ಬಿಟ್ಟಿದ್ದು ಸಾಹೇಬ್ರೇ."

"ಅದೇ ಹೇಳ್ತಿದ್ದೀನಿ ತಾಯಿ." ಅವರು ಅತ್ತೆಯ ಕಡೆ ತಿರುಗಿದರು. ಮುಖದಲ್ಲಿ ಸಂಕಟವಿತ್ತು. "ಅಮ್ಮಾ, ಕೇಳಬಾರದ ಹೊತ್ತಲ್ಲಿ ಕೇಳ್ತಿದ್ದೀನಿ, ಕ್ಷಮಿಸಿ. ಒಂದು ದಿನ ನೀರು ಬಿಡೋ ಮೊದಲು ಸೈರನ್ ಹೊಡೆದ್ರೂ ಮಾಮ ಕೆಳಗಿನ ಬಂಡೆ ಮೇಲೆ ಸುಮ್ನೆ ನಿಂತಿದ್ರಂತೆ. ನಮ್ಮ ಕಾವಲಿನವನು ಓಡಿಹೋಗಿ ಕಾಲರ್ ಹಿಡಿದು ಎಳ್ಕೊಂಡು ಬಂದನಂತೆ. ಅವರಿಗೆ ಕಿವಿ ಕೇಳ್ತಿತ್ತಾ?"

"ಏನ್ರೀ ಸಾಹೇಬ್ರೇ," ಎಂದು ಮೈದುನ ಮುಂದೆ ಬಂದ, "ಮಣ್ಣು ಇನ್ನೂ ಹಸಿ ಇದೆ. ನಮ್ಮಣ್ಣನ ಕಿವಿ ಬಗ್ಗೆ ಮಾತಾಡೋಕೆ ನಿಮಗೆ ಬಾಯಾದ್ರೂ ಹೇಗೆ ಬಂತು? ಊರಲ್ಲಿರೋ ರೇಡಿಯೋನೆಲ್ಲ ಕೇಳಿ ನೋಡಿ! ಅತ್ತಿಗೆ, ಹೇಳಿ ಇವರಿಗೆ!"

ಎಲ್ಲರೂ ಅವಳನ್ನೇ ನೋಡಿದರು. ಕೇಳ್ತಿತ್ತು ಎಂಬ ಒಂದು ಮಾತು ಸಾಕಿತ್ತು. ಗಂಡನ ಹೆಸರು ಉಳಿಯುತ್ತಿತ್ತು, ಮೇಡಮ್ಮಿನ ಕೆಲಸ ಉಳಿಯುತ್ತಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. ಅತ್ತೆ ಮಣ್ಣಿನ ಗುಪ್ಪೆಯನ್ನು ನೋಡಿದಳು. ಬದುಕಿದ್ದವನ ಸುಳ್ಳಿಗೆ ಅವಳು ಒಂದು ವರ್ಷ ಹೆಗಲು ಕೊಟ್ಟಿದ್ದಳು. ಅದು ಹೆಂಡತಿಯ ಪಾಡು. ಆದರೆ ಸತ್ತವನ ಬಾಯಿಗೆ ಸುಳ್ಳು ತುಂಬಿ ಮೇಲೆ ಕಳಿಸಿದರೆ, ಅಲ್ಲಿ ಕೇಳುವವನ ಮುಂದೆ ಅವನು ಹೇಗೆ ನಿಲ್ಲಬೇಕು?

"ಕೇಳ್ತಿರಲಿಲ್ಲ," ಎಂದಳು.

"ಅತ್ತಿಗೆ!"

"ಒಂದು ವರ್ಷದಿಂದ ಕೇಳ್ತಿರಲಿಲ್ಲ ಕಣಪ್ಪಾ. ಎರಡೂ ಕಿವಿ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ರು. ನಾನು ಹೇಳಲಿಲ್ಲ. ಮೀನು ಬಿಡೋ ಹೊತ್ತಿಗೆ ನಾನು ಕಿವಿಗೇ ಬಾಯಿ ಹಚ್ಚಿ ಕೂಗಿದ್ರೆ ಮಾತ್ರ ಅವರಿಗೆ ಕೇಳಿಸ್ತಿತ್ತು." ಅವಳು ಮೇಡಮ್ಮಿನ ಕಡೆ ತಿರುಗಿದಳು. "ಮೇಡಂ, ನನ್ನ ಕ್ಷಮಿಸಮ್ಮ."

ಮೇಡಂ ಪಕ್ಕದ ಮೋಟು ಗೋಡೆಯ ಮೇಲೆ ಕುಸಿದು ಕೂತಳು. ಬೈದಿದ್ದರೆ ಅತ್ತೆಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಸಾಹೇಬರು ಗೆದ್ದವರ ಹಾಗೆ ಕಾಣಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಮೈದುನ ಮುಖ ತಿರುಗಿಸಿ ದೂರ ಹೋಗಿ ನಿಂತ. ಅತ್ತೆಗೆ ಆ ಬೆನ್ನು ಕಂಡು ಗಂಡ ಎರಡನೆಯ ಸಲ ಸತ್ತ ಹಾಗಾಯಿತು.

ಡಾಕ್ಟರು ಮಾತ್ರ ಹಣೆ ಗಂಟಿಕ್ಕಿ ಏನನ್ನೋ ನೆನೆಯುತ್ತ ನಿಂತಿದ್ದ. "ಅತ್ತೆ," ಎಂದ ಕೊನೆಗೆ, "ಮಾಮನಿಗೆ ಹಲ್ಲುನೋವಿತ್ತಾ?"

"ಹಲ್ಲುನೋವಾ? ಇಲ್ಲಪ್ಪಾ. ಯಾಕೆ?"

"ಕೆಳಗೆ ಬನ್ನಿ. ಶೆಡ್ಡಿಗೆ ಬನ್ನಿ ಎಲ್ಲರೂ."

ಶೆಡ್ಡಿನಲ್ಲಿ ತೊಟ್ಟಿಗಳು ಖಾಲಿಯಾಗಿದ್ದವು. ಮಾಮನ ಸ್ಟೂಲು ಗೋಡೆಗೆ ಮುಖ ಮಾಡಿಕೊಂಡೇ ಇತ್ತು. ಮೊಳೆಗೆ ಅವನ ಹೆಡ್‌ಫೋನು ನೇತಾಡುತ್ತಿತ್ತು. ಅದು ಆಫೀಸಿನದಲ್ಲ, ರೇಡಿಯೋ ಅಂಗಡಿಯ ಕಾಲದ್ದು, ಕರಿಯ ಗಟ್ಟಿ ಡಬ್ಬಿಗಳ ಹಳೇ ಮಾದರಿ. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಡಾಕ್ಟರು ಅದನ್ನು ಇಳಿಸಿ, ಬೆಳಕಿಗೆ ಹಿಡಿದು, ಅತ್ತೆಯ ಕೈಗೆ ಕೊಟ್ಟ.

ಬಲಗಡೆಯ ಡಬ್ಬಿಯ ಅಂಚು ತಿಂದುಹೋಗಿತ್ತು. ಮೇಲೆ ಒಂದು ಸಾಲು ಕುಳಿ, ಕೆಳಗೆ ಒಂದು ಸಾಲು. ಒಂದೆರಡು ಸಲ ಕಚ್ಚಿದ ಗುರುತಲ್ಲ ಅದು. ಬಾವಿಯ ಕಲ್ಲಿನಲ್ಲಿ ಹಗ್ಗ ಕೊರೆದ ಹಾಗೆ ಆಳವಾಗಿ, ನುಣ್ಣಗೆ ಸವೆದಿತ್ತು.

"ಒಂದು ಸಲ ಹಿಂದಿನಿಂದ ಬಂದಾಗ ಕಂಡಿದ್ದೆ, ಇದನ್ನ ಬಾಯಲ್ಲಿ ಕಚ್ಚಿಕೊಂಡು ಕೂತಿದ್ರು," ಎಂದ ಡಾಕ್ಟರು. "ಹಲ್ಲುನೋವಿಗೆ ಒತ್ತಿ ಹಿಡಿದಿದ್ದಾರೆ ಅಂದ್ಕೊಂಡೆ. ಈಗ ಹೊಳೀತು. ಕೆಲವರಿಗೆ ಕಿವಿಯ ಹೊರಬಾಗಿಲು ಮಾತ್ರ ಮುಚ್ಚಿರುತ್ತೆ ಅತ್ತೆ, ಒಳಗಿನದು ಜೀವಂತ ಇರುತ್ತೆ. ಹಲ್ಲಿಗೆ ತಾಗಿದ ಸದ್ದು ದವಡೆ ಮೂಳೆಯಿಂದ ನೇರ ಒಳಕ್ಕೆ ಹೋಗುತ್ತೆ."

ಅತ್ತೆ ಹೆಬ್ಬೆರಳಿನಿಂದ ಮೇಲಿನ ಸಾಲನ್ನು ಸವರಿದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಕುಳಿ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಏಣಿಯಿಂದ ಬಿದ್ದು ಕಳೆದುಕೊಂಡ ಹಲ್ಲಿನ ಜಾಗ. ನಗುವಾಗ ಕಾಣಬಾರದೆಂದು ತುಟಿ ಬಿಗಿ ಹಿಡಿಯುತ್ತಿದ್ದ ಜಾಗ. ಆ ಸಂದು ಅವಳಿಗೆ ತನ್ನ ಅಂಗೈ ರೇಖೆಯಷ್ಟೇ ಪರಿಚಿತ.

"ನನಗೆ ಕೇಳಿಸು," ಎಂದಳು.

ಡಾಕ್ಟರು ಅವಳ ಎರಡೂ ಕಿವಿಗೆ ಹತ್ತಿ ತುರುಕಿದ. ಮೇಲೆ ಮೈದುನ ತನ್ನ ಎರಡು ಅಂಗೈ ಒತ್ತಿ ಹಿಡಿದ. ಯಾವಾಗ ಬಂದು ಹಿಂದೆ ನಿಂತಿದ್ದನೋ. ಲೋಕವೆಲ್ಲ ದೂರ ಸರಿಯಿತು. ಅತ್ತೆ ಗಂಡ ಸವೆಸಿದ ಕುಳಿಗಳಲ್ಲಿ ತನ್ನ ಹಲ್ಲು ಊರಿದಳು. ಡಾಕ್ಟರು ಹೆಡ್‌ಫೋನಿನ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿ, ಉಳಿದಿದ್ದ ಒಂದು ಟ್ಯಾಗನ್ನು ಅದರ ಕುಳಿಯಲ್ಲಿಟ್ಟು ಗುಂಡಿ ಒತ್ತಿ, ಬಟ್ಟಲಿನ ನೀರಿಗೆ ಹಾಕಿ ನೀರುಕಿವಿ ಮುಳುಗಿಸಿದ. ಹಸಿರು ದೀಪ ಹತ್ತಿತ್ತು. ಏನೂ ಇಲ್ಲ. ಅವಳು ಇನ್ನಷ್ಟು ಬಿಗಿಯಾಗಿ, ದವಡೆ ನೋಯುವಷ್ಟು ಕಚ್ಚಿದಳು.

ಟಕ್.

ತಲೆಬುರುಡೆಯ ನಟ್ಟನಡುವೆ, ಯಾರೋ ಒಳಗಿನಿಂದ ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಟಕ್. ಟಕ್. ಟಕ್.

ಅವಳ ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಸಂಜೆಯಾದರೆ ದವಡೆ ನೀವಿಕೊಳ್ಳುತ್ತ ಬರುತ್ತಿದ್ದ ಮನುಷ್ಯ! ಒಂದೊಂದನ್ನೂ ಹೀಗೆ ಕೇಳಿದ್ದಾನೆ. ಒಂದೂ ಬಿಡದೆ ಕೇಳಿದ್ದಾನೆ. ಹೆಡ್‌ಫೋನು ಬಾಯಿಂದ ತೆಗೆದು, ಹತ್ತಿ ಕಿತ್ತು, "ಕೇಳ್ತು! ಮೇಡಂ, ಕೇಳ್ತು! ಇವರು ಸುಳ್ಳು ಹೇಳಿಲ್ಲ ಕಣಮ್ಮಾ, ಟ್ಯಾಗೆಲ್ಲ ಸರಿ ಇದ್ವು, ಎಲ್ಲಾನೂ ಕೂಗ್ತಿದ್ವು!" ಎಂದು ತಿರುಗಿದಳು. ಅವನ ಹೆಸರು ಉಳಿಯಿತು, ದೇವರು ತನ್ನ ಬೇಡಿಕೆಯನ್ನು ಅಕ್ಷರಕ್ಕೆ ಅಕ್ಷರ ನಡೆಸಿಕೊಟ್ಟ ಎಂದು ಅವಳ ಜೀವ ಕುಣಿಯಿತು.

ಮೇಡಂ ಅವಳನ್ನು ತಬ್ಬಿಕೊಂಡಳು. ತಬ್ಬಿದ ಕೈ ತಣ್ಣಗಿತ್ತು. ಅವಳ ಮುಖದಲ್ಲಿ ಗೆಲುವಿನ ಕಳೆ ಎಳ್ಳಷ್ಟೂ ಇರಲಿಲ್ಲ. ಅವಳು ಅತ್ತೆಯ ಹೆಗಲ ಮೇಲಿಂದ ಶೆಡ್ಡಿನ ತೆರೆದ ಬಾಗಿಲಿನ ಆಚೆ ನೋಡುತ್ತಿದ್ದಳು. ಸಾಹೇಬರೂ ಅತ್ತಲೇ ನೋಡುತ್ತಿದ್ದರು.

"ಎಲ್ಲಾನೂ ಕೂಗ್ತಿದ್ವು," ಎಂದು ದೋಣಿಯವನು ತನಗೆ ತಾನೇ ಹೇಳಿಕೊಂಡ. "ಮೀನನ್ನ ನೀರಿನ ಮೇಲಕ್ಕೆ ಎತ್ತಿಬಿಟ್ರೆ ಟ್ಯಾಗ್ ಎಷ್ಟು ಕೂಗಿದ್ರೂ ಯಂತ್ರಕ್ಕೆ ಕೇಳಲ್ಲ."

ಅತ್ತೆ ನಿಧಾನವಾಗಿ ತಿರುಗಿದಳು. ಹೊಳೆಯ ಮೇಲೆ ಇಳಿಬಿಸಿಲು ಬಿದ್ದಿತ್ತು. ಹೊಸ ಗೇಟಿನ ಬುಡದಲ್ಲಿ, ಕಿಂಡಿಯಿಂದ ಸೋರಿದ ನೀರು ನೊರೆಗಟ್ಟಿ ಸುತ್ತುವ ಜಾಗದಲ್ಲಿ, ಬಂಡೆ ಕಾಣದಷ್ಟು ಒತ್ತೊತ್ತಾಗಿ ಕೊಕ್ಕರೆಗಳು ನಿಂತಿದ್ದವು. ಯಾವುದಕ್ಕೂ ಅವಸರವಿರಲಿಲ್ಲ. ಆಗೊಂದು ಈಗೊಂದು ಕೊಕ್ಕು ನೀರಿಗೆ ಇಳಿದು, ಮೇಲೆದ್ದು, ಉದ್ದನೆಯ ಬಿಳಿಯ ಕುತ್ತಿಗೆಯಲ್ಲಿ ಒಂದು ಗಂಟು ಮೆಲ್ಲಮೆಲ್ಲನೆ ಕೆಳಗೆ ಜಾರುತ್ತಿತ್ತು.